ಕೋರಮ್ಮಿಗೆ ಒಬ್ಬ ಕಡಿಮೆ

ಮುಖವನ್ನು ಎಲ್ಲಿಡುವುದೆಂದು ಅವನಿಗೆ ಬೆಳಗಿನಿಂದಲೇ ತೋಚುತ್ತಿರಲಿಲ್ಲ. ಗಡ್ಡ ಹೆರೆದುಕೊಳ್ಳುವಾಗ ಅದು ಎಂದಿನಂತೆ ಕನ್ನಡಿಯಲ್ಲಿತ್ತು, ತನ್ನ ಪಾಡಿಗೆ ತಾನು ನೊರೆ ಹಚ್ಚಿಸಿಕೊಂಡು ನಿಂತಿತ್ತು. ಅಡುಗೆಮನೆಯಿಂದ ಹೆಂಡತಿ "ಇವತ್ತೇ ಅಲ್ವಾ ನಿಮ್ಮ ಮೀಟಿಂಗು?" ಎಂದಾಗ ಆ ಮುಖ ಅವನನ್ನು ಕೇಳದೆಯೇ ಏನೋ ಒಂದು ಮಾಡಿತು: ಹುಬ್ಬು ಒಂದಿಷ್ಟು ಮೇಲೆ, ತುಟಿ ಒಂದಿಷ್ಟು ಒಳಗೆ. ಅದು ಸಂಕಟವೋ, ಬೇಸರವೋ, ಬರೀ ಬ್ಲೇಡಿನ ಭಯವೋ ಅವನಿಗೇ ತಿಳಿಯಲಿಲ್ಲ. "ಇವತ್ತೇ" ಎಂದ.

"ನಾನೇನೂ ಹೇಳಲ್ಲಪ್ಪ" ಎಂದಳು ಅವಳು. ಹೇಳಬೇಕಾದ್ದನ್ನೆಲ್ಲ ಈ ಮಾತಿನಿಂದಲೇ ಶುರುಮಾಡುವುದು ಅವಳ ಅಭ್ಯಾಸ. "ನಿಮ್ಮಕ್ಕ, ನಿಮ್ಮ ಸಂಸ್ಥೆ. ಆದ್ರೆ ಹಾಲ್‌ನಲ್ಲಿ ಈಗ ಮಗಳು ಓದೋ ಮೇಜಿದೆ. ಅದನ್ನ ಎತ್ತಿ ಎಲ್ಲಿಡೋದು ಅಂತ ಮಾತ್ರ ಯೋಚ್ನೆ ಮಾಡ್ಕೊಂಡು ಹೋಗಿ."

ಮೇಜು ಈಗ ಇರುವ ಮೂಲೆಯಲ್ಲಿ ಮೊದಲು ಅಕ್ಕ ಮಲಗುತ್ತಿದ್ದಳು. ಗಂಡನ ಮನೆ ಬಿಟ್ಟು ಬಂದವಳು, ಯಾಕೆ ಬಿಟ್ಟೆ ಎಂದು ಯಾರೂ ಕೇಳದಂಥ ಒಂದು ನಗೆಯನ್ನು ಜೊತೆಗೆ ತಂದಿದ್ದಳು. ಬೆಳಿಗ್ಗೆ ಮನೆಯವರು ಏಳುವ ಮೊದಲೇ ಹಾಸಿಗೆ ಸುತ್ತಿ, ನೆಲ ಒರೆಸಿ, ಆ ಜಾಗದಲ್ಲಿ ಯಾರೂ ಮಲಗಿಯೇ ಇರಲಿಲ್ಲವೆಂಬಂತೆ ಮಾಡಿಬಿಡುತ್ತಿದ್ದಳು. ಹಾಗೆ ಮಾಡುತ್ತಿದ್ದುದೇ ಅವನಿಗೆ ತಡೆಯಲಾಗುತ್ತಿರಲಿಲ್ಲ. ಹೆಂಡತಿ ಜಗಳವಾಡಿದ್ದರೆ ಆಗುತ್ತಿತ್ತು. ಅವಳು ದಿನದಿಂದ ದಿನಕ್ಕೆ ಹೆಚ್ಚು ಹೆಚ್ಚು ಒಳ್ಳೆಯವಳಾಗುತ್ತ ಹೋದಳು, ಗಂಡನ ಅಕ್ಕನ ತಟ್ಟೆಗೆ ಎರಡೆರಡು ಸಲ ಬಡಿಸಿದಳು, ಅವನಿಗೆ ಅದು ಯಾವತ್ತೋ ಒಂದು ದಿನ ಸಿಡಿಯಲಿರುವ ಕುಕ್ಕರಿನ ಸದ್ದಿನಂತೆ ಕೇಳಿಸುತ್ತಿತ್ತು. ಆಗಲೇ ಸಂಸ್ಥೆಯಲ್ಲಿ ದಾಸ್ತಾನು ಕೋಣೆ ನೋಡಿಕೊಳ್ಳುವವರು ಬೇಕೆಂಬ ಮಾತು ಬಂತು, ಹಿಂದೆಯೇ ಇರುವ ಒಂಟಿ ಕೋಣೆಯಲ್ಲಿ ವಾಸಕ್ಕೂ ಅನುಕೂಲವಿದೆ ಎಂದರು. ಮಂಡಳಿಯ ಸದಸ್ಯನಾಗಿದ್ದ ಅವನು ಸಭೆಯಲ್ಲಿ "ನಮ್ಮಕ್ಕ ಒಬ್ಬಳಿದ್ದಾಳೆ" ಎಂದ. ಎಷ್ಟು ಮೆತ್ತಗೆ ಅಂದನೆಂದರೆ, ಅದನ್ನು ಅಕ್ಕನ ಮೇಲಿನ ಪ್ರೀತಿಯೆಂದೇ ಎಲ್ಲರೂ ತಿಳಿದುಕೊಂಡರು. ಅಕ್ಕನೂ ತಿಳಿದುಕೊಂಡಳು. ಅದೊಂದನ್ನು ನೆನೆದರೆ ಇವತ್ತಿಗೂ ಅವನಿಗೆ ಮೈ ಪರಚಿಕೊಳ್ಳುವಂತಾಗುತ್ತದೆ.

ಸಂಸ್ಥೆ ಸಣ್ಣದು. ಕಾಯಿಲೆಯವರ ಮನೆಗಳಿಗೆ ಮಂಚ, ಗಾಲಿಕುರ್ಚಿ, ವಾಕರ್, ಬೆನ್ನು ಹುಣ್ಣಾಗದಂತೆ ಗಾಳಿ ತುಂಬುವ ಹಾಸಿಗೆ ಇಂಥವನ್ನೆಲ್ಲ ಬಿಟ್ಟಿಯಾಗಿ ಎರವಲು ಕೊಡುತ್ತದೆ. ಬೇಕಾದಷ್ಟು ದಿನ ಇಟ್ಟುಕೊಳ್ಳಬಹುದು, ಬೇಡವಾದಾಗ ಹಿಂದಿರುಗಿಸಬೇಕು. ಬೇಡವಾಗುವುದು ಎರಡು ಬಗೆಯಲ್ಲಿ. ಹೆಚ್ಚಾಗಿ ಎರಡನೆಯ ಬಗೆಯಲ್ಲಿ. ಆ ಎರಡನೆಯ ಬಗೆಯ ಮನೆಗಳಿಗೆ ಹೋಗಿ ಮಂಚ ಬಿಚ್ಚಿಸಿಕೊಂಡು ಬರುವುದು ಅಕ್ಕನ ಕೆಲಸದ ಭಾಗ, ಅದನ್ನು ಅವಳು ಮಾಡಿರಲಿಲ್ಲ. ಒಂದು ಮನೆಯಲ್ಲಲ್ಲ, ಹಲವು ಮನೆಗಳಲ್ಲಿ. ಹೋಗುತ್ತಿದ್ದಳು, ಕೂರುತ್ತಿದ್ದಳು, ಟೀ ಕುಡಿದು ಬರುತ್ತಿದ್ದಳು. "ಕೇಳೋಕೆ ಬಾಯಿ ಬರಲ್ಲ ಕಣೋ" ಎಂದು ಅವನಲ್ಲಿ ಒಮ್ಮೆ ಹೇಳಿದ್ದಳು, ನಗುತ್ತಲೇ. "ಒಬ್ಬಳು ಗಂಡನ ಮಂಚದ ಮೇಲೇ ಮಲಗ್ತಾಳೆ. ತಲೆ ಕಡೆ ಎತ್ತೋ ಹಿಡಿ ಇದೆಯಲ್ಲ, ಅದನ್ನ ಅವನಿಗೆ ಎಷ್ಟು ಎತ್ತಿದ್ದಳೋ ಅಷ್ಟಕ್ಕೇ ಬಿಟ್ಟಿದಾಳೆ. ಅದನ್ನ ಇಳಿಸಿ ಮಡಚಿ ತಗೊಂಡು ಬಾ ಅಂತೀಯಾ?" ಅವನು ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ. ಮಂಡಳಿಯವರು ದಿನದ ಕೆಲಸದಲ್ಲಿ ಬಾಯಿ ಹಾಕಬಾರದು ಎಂದು ತರಬೇತಿಯಲ್ಲಿ ಕಲಿತಿದ್ದು ಆಗ ಅವನಿಗೆ ತುಂಬ ಉಪಯೋಗಕ್ಕೆ ಬಂದಿತ್ತು.

ಸಂಸ್ಥೆಯ ಕಚೇರಿಗೆ ಹೋಗುವ ದಾರಿಯಲ್ಲೇ ದರ್ಜಿಯ ಅಂಗಡಿ. ಬೇರೆ ಬೀದಿ ಹಿಡಿಯಬಹುದಿತ್ತು. ಹಿಡಿದರೆ ತಾನು ತಪ್ಪಿಸಿಕೊಂಡು ಓಡಾಡುವವನಾಗುತ್ತೇನೆ ಎಂಬ ಹಟಕ್ಕೆ ಬಿದ್ದು ಅದೇ ಬೀದಿಯಲ್ಲಿ ಹೋದ, ಹೋಗುವಾಗ ಎದುರು ಬದಿಯ ಗೋಡೆಯ ಜಾಹೀರಾತುಗಳನ್ನೆಲ್ಲ ಅಕ್ಷರ ಬಿಡದೆ ಓದಿದ. ಅವುಗಳಲ್ಲಿ ಎರಡು ಒತ್ತಕ್ಷರ ತಪ್ಪಿದ್ದವು. ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವ ಅವನಿಗೆ ತಪ್ಪುಗಳು ಹಾಗೆ ನೊಣದಂತೆ ಕಣ್ಣಿಗೆ ಬಂದು ಕೂರುತ್ತವೆ. ತಿರುಗಿ ನೋಡಿದರೆ ದರ್ಜಿ ಹೊಲಿಗೆ ನಿಲ್ಲಿಸಿ, ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದು, ಕೈ ಎತ್ತಿ ನಮಸ್ಕಾರ ಮಾಡಿದ. ಸೂಜಿ ಬಾಯಲ್ಲಿಟ್ಟುಕೊಂಡೇ ತಲೆಯಾಡಿಸಿದ್ದರೂ ಆಗುತ್ತಿತ್ತು. ಮರ್ಯಾದಸ್ಥ. ಅವನಪ್ಪ ಮಂಚಕ್ಕಾಗಿ ಕಾದು ಕಾದು, ಚಳಿಗಾಲ ಪೂರ್ತಿ ನೆಲದ ಮೇಲೆ ಮಲಗಿ, ಬೆನ್ನು ಹುಣ್ಣಾಗಿ, ನೆಲದ ಮೇಲೆಯೇ ಹೋದ. ಆಮೇಲೆ ಈ ಮಗ ಸಂಸ್ಥೆಯ ಅಧ್ಯಕ್ಷೆ ಡಾಕ್ಟರಮ್ಮನ ಬಳಿ ಬಂದು ನಿಂತು, ಜಗಳ ಆಡದೆ, ದನಿ ಎತ್ತದೆ, ಒಂದೇ ಒಂದು ಕೇಳಿದನಂತೆ: "ನಮ್ಮ ಸರದಿ ಯಾವತ್ತಿತ್ತು ಅಮ್ಮಾ?"

ಡಾಕ್ಟರಮ್ಮ ಉತ್ತರ ಹುಡುಕಹೊರಟಾಗಲೇ ಹಿಂದಿರುಗದ ಮಂಚಗಳ ವಿಷಯವೆಲ್ಲ ಹೊರಬಂದದ್ದು.

ಕಚೇರಿ ಎಂದರೆ ದಾಸ್ತಾನು ಕೋಣೆಯ ಪಕ್ಕದ ಉದ್ದನೆಯ ಕೋಣೆ. ಅವನು ಬಂದಾಗ ಅಕ್ಕ ಬಾಗಿಲಲ್ಲೇ ವಾಕರುಗಳ ಕಾಲಿಗೆ ಹೊಸ ರಬ್ಬರು ಹಾಕುತ್ತ ಕುಕ್ಕರಗಾಲಲ್ಲಿ ಕೂತಿದ್ದಳು. "ಬಂದ್ಯಾ? ನಿಮ್ಮ ದೊಡ್ಡವರೆಲ್ಲ ಮುಖ ಗಂಟು ಹಾಕ್ಕೊಂಡು ಒಳಗೆ ಹೋದ್ರು. ನಾನು ನಮಸ್ಕಾರ ಅಂದ್ರೆ ಅವರಲ್ಲಿ ಆ ಕಬ್ಬಿಣದಂಗಡಿಯೋರು ನನ್ನ ಮುಖ ನೋಡ್ದೆ ವಾಕರಿಗೆ ನಮಸ್ಕಾರ ಅಂದ್ರು." ನಕ್ಕಳು. ಆಮೇಲೆ ದನಿ ತಗ್ಗಿಸಿ, "ನನಗೇನು ಭಯ ಬಿಡು, ನೀನಿದೀಯಲ್ಲ. ಒಂದು ಮಾತು ಹೇಳಿಬಿಡು ಅವರಿಗೆ, ಇನ್ನು ಮೇಲೆ ಸರಿಯಾಗಿ ಮಾಡ್ತಾಳೆ ಅಂತ. ಮಾಡ್ತೀನೋ ಇಲ್ವೋ ದೇವರಿಗೇ ಗೊತ್ತು, ಆದ್ರೆ ಹೇಳು."

ಆಗ ಹೇಳಬೇಕಿತ್ತು. ಅಕ್ಕಾ, ನಿನ್ನ ವಿಷಯ ಬಂದಾಗ ನಾನು ಒಳಗಿರುವ ಹಾಗಿಲ್ಲ ಎಂದು. ಹೇಳಲು ಬಾಯಿ ತೆರೆದ, ರಬ್ಬರು ಒಂದು ಉರುಳಿಕೊಂಡು ಹೋಯಿತು, ಅದನ್ನು ಹಿಡಿದು ತಂದು ಅವಳ ಕೈಗೆ ಕೊಟ್ಟು, ಅದೇ ಒಂದು ದೊಡ್ಡ ಸಹಾಯವೆಂಬಂತೆ ಒಳಗೆ ಹೋಗಿಬಿಟ್ಟ.

ಆ ನಿಯಮ ಬರೆದವನು ಅವನೇ. ಸಂಸ್ಥೆ ನಡೆಸುವುದು ಹೇಗೆ ಎಂಬ ತರಬೇತಿಗೆ ಹೋಗಲು ಮಂಡಳಿಯಲ್ಲಿ ಬೇರೆ ಯಾರಿಗೂ ಪುರುಸೊತ್ತಿರಲಿಲ್ಲ, "ನಿಮಗೆ ಬರೆಯೋಕೆ ಬರುತ್ತಲ್ಲ, ನೀವೇ ಹೋಗಿ" ಎಂದು ಕಳಿಸಿದ್ದರು. ಅಲ್ಲಿ ಪಾಠ ಹೇಳಿದವಳು ಚೂಪು ದನಿಯ ಚುರುಕು ಹೆಂಗಸು. ಮಂಡಳಿ ದಾರಿ ತೋರಿಸಬೇಕು, ಗಾಡಿ ಎಳೆಯಬಾರದು ಎಂದಳು. ತೀರ್ಮಾನ ತೆಗೆದುಕೊಂಡವರು ಇಂಥವರೆಂದು ಹೆಸರು ಹೇಳಬೇಡಿ, ಸಭೆ ತೀರ್ಮಾನಿಸಿತು ಎನ್ನಿ ಎಂದಳು. ಯಾವ ಸದಸ್ಯನಿಗೆ ಯಾವ ವಿಷಯದಲ್ಲಿ ಸ್ವಂತ ಸಂಬಂಧವಿದೆಯೋ ಅವನು ಬಾಯಿ ಮುಚ್ಚಿಕೊಂಡು ಕೂತರೆ ಸಾಲದು, ಎದ್ದು ಹೊರಗೆ ಹೋಗಬೇಕು, ಯಾಕೆಂದರೆ ಮುಖವೂ ಮತ ಹಾಕುತ್ತದೆ ಎಂದಳು. ಆ ಕೊನೆಯ ವಾಕ್ಯ ಅವನಿಗೆ ಎಷ್ಟು ಹಿಡಿಸಿತೆಂದರೆ ಬಸ್ಸಿನಲ್ಲಿ ಬರುವಾಗ ಅದನ್ನೇ ಬಾಯೊಳಗೆ ಪೆಪ್ಪರಮಿಂಟಿನಂತೆ ಹೊರಳಿಸುತ್ತ ಬಂದ. ಆ ಕಾಲಕ್ಕೆ ಕಬ್ಬಿಣದಂಗಡಿಯವರು ತಾವೇ ಸದಸ್ಯರಾಗಿದ್ದುಕೊಂಡು ತಮ್ಮ ಅಂಗಡಿಯ ಮಂಚಗಳನ್ನೇ ಸಂಸ್ಥೆಗೆ ಮಾರುತ್ತಿದ್ದರು. ಯಾರಿಗೂ ಬಾಯಿಬಿಡಲು ಧೈರ್ಯವಿರಲಿಲ್ಲ. ಅವನು ನಿಯಮ ಬರೆದ, ಅಲ್ಪವಿರಾಮಗಳನ್ನೂ ಬಿಡದೆ ಓದಿ ಹೇಳಿದ, ಡಾಕ್ಟರಮ್ಮ ಒಪ್ಪಿದರು, ಮುಂದಿನ ಸಭೆಯಲ್ಲಿ ಮಂಚದ ಮಾತು ಬಂದಾಗ ಕಬ್ಬಿಣದಂಗಡಿಯವರು ಎದ್ದು ಹೊರಗೆ ಹೋಗಬೇಕಾಯಿತು. ಬಾಗಿಲ ಸಂದಿನಿಂದ ಅವರು ಗಾಲಿಕುರ್ಚಿಯೊಂದರ ಮೇಲೆ ಕೂತು, ಕೈ ಎಲ್ಲಿಡಬೇಕೋ ತಿಳಿಯದೆ ಅದರ ಚಕ್ರಗಳ ಮೇಲಿಟ್ಟುಕೊಂಡದ್ದು ಕಾಣುತ್ತಿತ್ತು. ಅವನಿಗೆ ಅಂದು ಆದ ಸಂತೋಷ ನ್ಯಾಯದ ಸಂತೋಷವೇನಲ್ಲ. ಅದು ಅವನಿಗೆ ಗೊತ್ತು.

ಅಂದಿನಿಂದ ಅವರು ಅವನನ್ನು ಪ್ರೂಫ್ ಸಾಹೇಬರು ಎಂದೇ ಕರೆಯುವುದು. ಈಗಲೂ, ಡಾಕ್ಟರಮ್ಮ ಕನ್ನಡಕ ಸರಿಪಡಿಸಿಕೊಂಡು "ಮುಂದಿನ ವಿಷಯ..." ಎಂದು ತಡೆದಾಗ, ಅವರೇ ಬಾಗಿಲ ಕಡೆ ಕೈ ತೋರಿದರು. "ಪ್ರೂಫ್ ಸಾಹೇಬ್ರೇ, ದಯವಿಟ್ಟು. ನೀವು ಹಾಕಿದ ರೂಲೇ ಅಲ್ವಾ? ಗಾಲಿಕುರ್ಚಿ ಚೆನ್ನಾಗಿದೆ, ಒಂಚೂರು ಕಿರುಗುಟ್ಟುತ್ತೆ ಅಷ್ಟೆ." ಪಕ್ಕದಲ್ಲಿ ಕೂತಿದ್ದ ನಿವೃತ್ತ ಹೆಡ್‌ಮೇಡಂ ನಗಬಾರದೆಂದುಕೊಂಡು ಕೆಮ್ಮಿದರು. ಅವನು ಎದ್ದ. ಎದ್ದಾಗ ಒಳಗೆಲ್ಲೋ ಒಂದು ಗಂಟು ಸಡಿಲವಾದಂತಾಯಿತು. ಆ ಸಡಿಲು ಯಾತರದ್ದೆಂದು ಬಾಗಿಲು ತಲುಪುವುದರೊಳಗೆ ಹೊಳೆದುಹೋಯಿತು. ಅವನು ಅಕ್ಕನ ಪರ ಮಾತಾಡಬೇಕಿಲ್ಲ. ವಿರೋಧವಾಗಿಯೂ ಮಾತಾಡಬೇಕಿಲ್ಲ. ನಿಯಮ ಅವನನ್ನು ತೋಳು ಹಿಡಿದು ಹೊರಗೆ ಕರೆದೊಯ್ಯುತ್ತಿದೆ.

ದಾಸ್ತಾನು ಕೋಣೆಯಲ್ಲಿ ಗಾಲಿಕುರ್ಚಿಗಳು ಒಂದರ ಮಡಿಲಲ್ಲಿ ಒಂದರಂತೆ ಮಡಚಿಕೊಂಡು ನಿಂತಿದ್ದವು. ಸೋಂಕುನಾಶಕದ ವಾಸನೆ, ಅದರಡಿಯಲ್ಲಿ ಎಷ್ಟು ತೊಳೆದರೂ ಹೋಗದ ಇನ್ನೊಂದು ವಾಸನೆ. ಕುರ್ಚಿಯೊಂದನ್ನೂ ಬಿಡಿಸದೆ ಕಿಟಕಿಯ ಕಟ್ಟೆಯ ಮೇಲೆ ಕೂತ. ಎಲ್ಲರೂ ಅವನ ಹಿತಾಸಕ್ತಿ ಎಂದರೆ ಪ್ರೀತಿ ಎಂದುಕೊಂಡಿದ್ದಾರೆ. ನಿಯಮವೂ ಹಾಗೆಂದುಕೊಂಡೇ ಬರೆಸಿಕೊಂಡಿದೆ: ತಮ್ಮನಾದವನು ಅಕ್ಕನ ಕಡೆ ವಾಲುತ್ತಾನೆ. ಆದರೆ ಅವನು ವಾಲುತ್ತಿರುವುದು ಮನೆಯ ಹಾಲ್‌ನ ಮೂಲೆಯ ಮೇಜಿನ ಕಡೆಗೆ. ಅಕ್ಕನ ಕೆಲಸ ಹೋದರೆ ಕೋಣೆಯೂ ಹೋಗುತ್ತದೆ, ಕೋಣೆ ಹೋದರೆ ಅವಳು ಸುತ್ತಿದ ಹಾಸಿಗೆ ಹಿಡಿದು ಆ ನಗೆಯೊಡನೆ ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ, ಹೆಂಡತಿ ಮತ್ತೆ ಎರಡೆರಡು ಸಲ ಬಡಿಸಲು ಶುರುಮಾಡುತ್ತಾಳೆ. ಅಕ್ಕನನ್ನು ಉಳಿಸಬೇಕು ಎಂದು ಅವನಿಗೆ ನಿಜವಾಗಿಯೂ ಅನ್ನಿಸುತ್ತಿದೆ. ಅದರಲ್ಲಿ ಅಕ್ಕ ಎಷ್ಟು, ಮೇಜೆಷ್ಟು ಎಂದು ಬೇರ್ಪಡಿಸಲು ಮಾತ್ರ ಆಗುತ್ತಿಲ್ಲ. ದರ್ಜಿಯ ಅಪ್ಪನ ಬೆನ್ನು ಇವೆರಡರ ನಡುವೆ ಎಲ್ಲಿಯೂ ಇಲ್ಲವಲ್ಲ ಎಂದು ಆಮೇಲೆ ನೆನಪಾಗಿ, ಅದನ್ನೂ ತಂದು ಇಟ್ಟುಕೊಂಡ; ತಡವಾಗಿ ಬಂದ ನೆಂಟನಂತೆ ಅದು ಒಂದು ಪಕ್ಕಕ್ಕೆ ನಿಂತಿತು.

ಉಪಾಯವೊಂದು ಅವನ ಬಳಿ ಇತ್ತು. ತುಂಬ ಸುಲಭದ್ದು. ಮಂಚ ಹಿಂದಕ್ಕೆ ತರುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿಬಿಡುವುದು. ಕಬ್ಬಿಣದಂಗಡಿಯವರ ಆಳುಗಳೇ ಸಾಕು, ಅವರಿಗೆ ಯಾವ ಮಂಚದ ಮೇಲೂ ಯಾರ ಮುಖವೂ ಕಾಣುವುದಿಲ್ಲ. ಕೊಡುವುದು, ತೊಳೆಯುವುದು, ರಿಪೇರಿ, ಮನೆಯವರಿಗೆ ಬಳಸಲು ಹೇಳಿಕೊಡುವುದು ಅಕ್ಕನ ಪಾಲಿಗಿರಲಿ. ಅದರಲ್ಲಿ ಅವಳಷ್ಟು ಚೆನ್ನಾಗಿ ಮಾಡುವವರಿಲ್ಲ. ಯಾರಾದರೂ ಒಬ್ಬರು ಒಳಗೆ ಇಷ್ಟು ಹೇಳಿದರೆ ಮುಗಿಯಿತು. ಹಿಂದಿನ ದಿನವೇ ಹೆಡ್‌ಮೇಡಂ ಮನೆಗೆ ಹೋಗಿ ಕಿವಿಯಲ್ಲಿ ಹಾಕಬಹುದಿತ್ತು, ಅವರ ಗೇಟಿನವರೆಗೆ ಹೋಗಿಯೂ ಇದ್ದ. ಅದು ಹಿಂಬಾಗಿಲಿನ ಕೆಲಸ ಎಂದುಕೊಂಡು, ಗೇಟಿನ ಚಿಲಕದ ಮೇಲಿಂದ ಕೈ ತೆಗೆದು, ತನ್ನ ಶುದ್ಧತೆಯಿಂದ ತಾನೇ ಸ್ವಲ್ಪ ಬೀಗುತ್ತ ವಾಪಸು ಬಂದಿದ್ದ.

"ಅರೆ! ನೀನ್ಯಾಕೋ ಇಲ್ಲಿ?"

ಅಕ್ಕ ತೋಳಿನ ತುಂಬ ವಾಕರುಗಳನ್ನು ನೇತು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಮುಗೀತಾ ಅಷ್ಟು ಬೇಗ?"

"ಇಲ್ಲ. ನಡೀತಿದೆ."

"ಮತ್ತೆ?"

"ನಿನ್ನ ವಿಷಯ ನಡೀತಿದೆ. ನಾನು ನಿನ್ನ ತಮ್ಮ ಅಲ್ವಾ, ನಾನು ಒಳಗಿರಬಾರದು. ಹಾಗೊಂದು ನಿಯಮ."

ಅವಳು ವಾಕರುಗಳನ್ನು ಒಂದೊಂದಾಗಿ ಗೋಡೆಗೆ ಒರಗಿಸಿದಳು. ಎಲ್ಲ ಒರಗಿಸಿ ಆದ ಮೇಲೆ, "ಅಂದ್ರೆ ಬೇರೆಯವರ ವಿಷಯಕ್ಕೆಲ್ಲ ನೀನು ಒಳಗೆ" ಎಂದಳು.

"ಹೂಂ."

"ನನ್ನ ವಿಷಯ ಬಂದ್ರೆ ಮಾತ್ರ ಹೊರಗೆ."

"ಅಕ್ಕಾ, ಅದು ಹಾಗಲ್ಲ..."

"ಯಾವ ಬೃಹಸ್ಪತಿ ಬರೆದಿದ್ದೋ ಈ ನಿಯಮಾನ?"

ಅವನು ಸುಮ್ಮನಾದ. ಅವನ ಸುಮ್ಮನಿರುವಿಕೆಯನ್ನು ಚಿಕ್ಕಂದಿನಿಂದ ಓದಿ ರೂಢಿಯಿದ್ದವಳು ಅವಳು. ಶಾಲೆಯಲ್ಲಿ ಒದ್ದೆ ಚಡ್ಡಿಯಲ್ಲಿ ಅವನು ಸುಮ್ಮನೆ ನಿಂತಿದ್ದಾಗ ಕೇಳದೆಯೇ ತನ್ನ ಸ್ವೆಟರು ಬಿಚ್ಚಿ ಅವನ ಸೊಂಟಕ್ಕೆ ಕಟ್ಟಿ ಮನೆಗೆ ಕರೆದುಕೊಂಡು ಬಂದವಳು, ದಾರಿಯುದ್ದಕ್ಕೂ ಏನೂ ಆಗಿಲ್ಲವೆಂಬಂತೆ ಹಾಡು ಹೇಳಿಕೊಂಡು. ಈಗಲೂ ಓದಿಕೊಂಡಳು. "ಅಯ್ಯೋ ನನ್ನ ರಾಜ" ಎಂದಳು. ಬೈಗುಳವೇ ಆಗಿದ್ದರೆ ಚೆನ್ನಾಗಿತ್ತು. ಅದು ಬೈಗುಳದಂತೆ ಇರಲಿಲ್ಲ.

ಅಷ್ಟರಲ್ಲಿ ವಕೀಲರು ಬಂದರು. ಮಂಡಳಿಯಲ್ಲಿ ಕಾನೂನು ನೋಡಿಕೊಳ್ಳುವವರು, ಮಾತಾಡುವಾಗ ಪೆನ್ನಿನ ಕ್ಯಾಪನ್ನು ಟಕ್ ಟಕ್ ಅನ್ನಿಸುವವರು. "ಸರ್, ಒಂದು ಸಣ್ಣ ತೊಡಕು. ಒಳಗೆ ಬರಬೇಕು ನೀವು."

"ನಾನಾ? ಇನ್ನೂ ಮುಗಿದಿಲ್ವಲ್ಲ?"

"ಶುರುವೇ ಆಗಿಲ್ಲ. ಕೋರಂ ಇಲ್ಲ. ಐದು ಜನ ಇರಬೇಕು, ಇಬ್ಬರು ಬಂದಿಲ್ಲ, ನೀವು ಹೊರಗೆ ಬಂದ್ರಿ. ನಾಲ್ಕೇ ಜನ ಉಳಿದ್ವಿ." ಟಕ್ ಟಕ್. "ನಾನು ಯೋಚನೆ ಮಾಡ್ದೆ. ನೀವು ಒಳಗೆ ಬಂದು ಕೂತ್ಕೊಳ್ಳಿ. ಮಾತಾಡಬೇಡಿ, ಕೈ ಎತ್ತಬೇಡಿ. ಹಾಜರಿಗೆ ಮಾತ್ರ. ಕೋರಂ ಆಗುತ್ತೆ, ನಿಯಮದ ಉದ್ದೇಶಾನೂ ಕೆಡಲ್ಲ."

"ಅವನು ಹೋಗದಿದ್ರೆ?" ಎಂದು ಕೇಳಿದವಳು ಅಕ್ಕ.

ವಕೀಲರು ಅವಳಿದ್ದದ್ದನ್ನು ಆಗಷ್ಟೇ ಕಂಡವರಂತೆ ಮುಜುಗರಪಟ್ಟುಕೊಂಡರು. "ಹೋಗದಿದ್ರೆ ಸಭೆ ಇಲ್ಲಮ್ಮ. ಮುಂದಕ್ಕೆ ಹಾಕಬೇಕು. ಇನ್ಯಾವತ್ತೋ."

"ಅಂದ್ರೆ ಇವತ್ತು ನನ್ನನ್ನ ಏನೂ ಮಾಡೋಕಾಗಲ್ಲ."

"ತಾಂತ್ರಿಕವಾಗಿ ಹೇಳೋದಾದ್ರೆ... ಹೌದು."

ವಕೀಲರು ಬಾಗಿಲನ್ನು ಒಂದು ಕೈಯಲ್ಲಿ ತೆರೆದು ಹಿಡಿದಿದ್ದರು, ತೆರೆದು ಹಿಡಿದ ಬಾಗಿಲು ಮುಚ್ಚಿದ ಬಾಗಿಲಿಗಿಂತ ಎಷ್ಟು ಹೆಚ್ಚು ಬಲವಂತ ಮಾಡುತ್ತದೆಂದು ಅವನಿಗೆ ಅಂದು ತಿಳಿಯಿತು. ಅವನು ಮನೆಗೆ ಹೋಗಿಬಿಡಬಹುದು. ತಲೆನೋವು ಎನ್ನಬಹುದು. ಇನ್ನೊಂದು ಸಭೆಯ ಹೊತ್ತಿಗೆ ಹೆಡ್‌ಮೇಡಂ ಮನೆಯ ಗೇಟನ್ನು ತೆರೆದೇಬಿಡಬಹುದು. ಹಾಗೆ ಹೋದರೆ ಕಬ್ಬಿಣದಂಗಡಿಯವರು ಏನೆನ್ನುತ್ತಾರೆ ಎಂಬುದು ಅಕ್ಷರ ಅಕ್ಷರವಾಗಿ ಕಿವಿಗೆ ಕೇಳಿಸಿತು: ಓಹೋ, ತಮ್ಮ ಮನೆ ವಿಷಯ ಬಂದ ಕೂಡ್ಲೇ ಪ್ರೂಫ್ ಸಾಹೇಬ್ರ ರೂಲು ಬಾಲ ಮುದುರಿಕೊಂಡು ಓಡ್ತು. ಅಕ್ಕನ ಕೆಲಸ, ಕೋಣೆ, ಅವಳು ರಾತ್ರಿ ಕಾಲು ಚಾಚುವ ಜಾಗ ಇವೆಲ್ಲ ತಕ್ಕಡಿಯ ಒಂದು ತಟ್ಟೆಯಲ್ಲಿ. ಇನ್ನೊಂದರಲ್ಲಿ ಕಬ್ಬಿಣದಂಗಡಿಯವರ ಆ ಒಂದು ನಗೆ. ಯಾವುದು ತೂಗುತ್ತದೆಂದು ಅವನು ಇನ್ನೂ ನೋಡುತ್ತಿರುವಾಗಲೇ ಕಾಲುಗಳು ಕಟ್ಟೆಯಿಂದ ಇಳಿದಿದ್ದವು. ಅಕ್ಕ ಗೋಡೆಯ ಕಡೆ ತಿರುಗಿ ಸರಿಯಾಗೇ ಇದ್ದ ವಾಕರುಗಳನ್ನು ಮತ್ತೆ ಸರಿಪಡಿಸತೊಡಗಿದಳು.

ಒಳಗೆ ಅವನ ಕುರ್ಚಿಯನ್ನು ಮೇಜಿನಿಂದ ಎಳೆದು ಗೋಡೆಯ ಬದಿಗೆ ಹಾಕಿದ್ದರು. "ಐದು" ಎಂದರು ಡಾಕ್ಟರಮ್ಮ, ಸಮಾಧಾನದಿಂದ. ಅವರು ಕೆಟ್ಟವರಲ್ಲ. ಜೀವಮಾನವಿಡೀ ಬೆನ್ನಿನ ಹುಣ್ಣುಗಳನ್ನು ತೊಳೆದ ಕೈ ಅವರದು, ದರ್ಜಿಯ ಅಪ್ಪನದನ್ನು ಹೇಳುವಾಗ ಆ ಕೈ ಮೇಜಿನ ಮೇಲೆ ತನ್ನಷ್ಟಕ್ಕೆ ಅಂಗೈ ಅಗಲ ತೋರಿಸಿತು. "ಇಷ್ಟಿತ್ತು" ಎಂದರು. "ನಾನು ಹೋಗಿ ನೋಡಿದೆ. ನಮ್ಮ ಮಂಚ ಮೂರು ಬೀದಿ ಆಚೆ ಖಾಲಿ ಇತ್ತು."

ಖಾಲಿಯಲ್ಲ, ಅದರ ಮೇಲೆ ಸತ್ತವನ ಹೆಂಡತಿ ಮಲಗುತ್ತಾಳೆ. ನಾಲಿಗೆಯ ತುದಿಗೆ ಬಂತು. ಅವನು ಬಾಯಿ ಬಿಗಿದ. ಬಿಗಿದದ್ದು ಕಾಣಬಾರದೆಂದು ಸಡಿಲ ಬಿಟ್ಟ. ಸಡಿಲ ಬಿಟ್ಟರೆ ತುಟಿ ಒಂದು ಬದಿಗೆ ಹೋಗುತ್ತದೆ, ಹೋದರೆ ವ್ಯಂಗ್ಯದಂತೆ ಕಾಣುತ್ತದೆ. ಕಣ್ಣು ಯಾರ ಮೇಲೆ ಇಟ್ಟರೂ ಬೇಡಿಕೊಂಡಂತಾಗುತ್ತದೆ. ನೆಲ ನೋಡಿದರೆ ತಪ್ಪಿತಸ್ಥನಂತೆ. ಕಿಟಕಿ ನೋಡಿದರೆ ಅಸಡ್ಡೆಯಂತೆ. ಕೊನೆಗೆ ಎದುರು ಗೋಡೆಯ ಗಡಿಯಾರದ ಕೆಳಗೆ, ಸುಣ್ಣ ಎದ್ದ ಒಂದು ಜಾಗ ಆರಿಸಿಕೊಂಡು, ಅಲ್ಲಿ ನೋಟ ನೆಟ್ಟು, ಮುಖದಿಂದ ಎಲ್ಲವನ್ನೂ ಒಂದೊಂದಾಗಿ ತೆಗೆದು ಹೊರಗೆ ಹಾಕಿದ, ಬಾಡಿಗೆ ಮನೆ ಖಾಲಿ ಮಾಡಿದಂತೆ. ಅದು ಸುಲಭವಿರಲಿಲ್ಲ. ಕೆನ್ನೆಯ ಒಳಗೆ ಸ್ನಾಯುವೊಂದು ನಡುಗುತ್ತಿತ್ತು, ಅದನ್ನೂ ಹಲ್ಲಿನಿಂದ ಕಚ್ಚಿ ಹಿಡಿದ.

"ಒಂದು ವಿಷಯ" ಎಂದರು ಹೆಡ್‌ಮೇಡಂ. ಅವರು ಮಾತಾಡುವುದೇ ಅಪರೂಪ. "ಆಯಮ್ಮನ ಉಳಿದ ಕೆಲಸ ಎಲ್ಲ ಚೆನ್ನಾಗಿದೆ. ವಾಪಸ್ ತರೋದು ಒಂದು ಆಗಲ್ಲ ಅಂತಾದ್ರೆ... ಅದೊಂದನ್ನ ಬೇರೆಯವರಿಗೆ ವಹಿಸಬಹುದಾ?"

ಅವನದೇ ಉಪಾಯ ಅದು, ಅವನು ಹೇಳದೆಯೇ ಬಂದಿತ್ತು. ಹೆಡ್‌ಮೇಡಂ, ಮಕ್ಕಳು ಸರಿಯುತ್ತರ ಹೇಳಿದ ಮೇಲೆ ಟೀಚರ ಮುಖ ನೋಡುವಂತೆ, ತಿರುಗಿ ಅವನನ್ನೇ ನೋಡಿದರು. ಹೌದು ಎನ್ನು, ಇಷ್ಟು ಸಾಕಲ್ಲ, ಕಣ್ಣು ಒಂಚೂರು ಅರಳಿಸು. ಅವನು ಅರಳಿಸಲಿಲ್ಲ. ಅರಳಿಸದಿರಲು ತನ್ನ ಜೀವದಲ್ಲಿದ್ದ ಬಲವನ್ನೆಲ್ಲ ಹಾಕಿ, ಸುಣ್ಣ ಎದ್ದ ಜಾಗವನ್ನೇ ನೋಡಿದ. ಅಷ್ಟು ಬಿಗಿಯಾಗಿ ಯಾವ ಪ್ರಾಮಾಣಿಕತೆಯನ್ನೂ ಅವನು ಅದುವರೆಗೆ ಹಿಡಿದಿರಲಿಲ್ಲ. ನೋಡಿ, ನಾನು ವಾಲುತ್ತಿಲ್ಲ, ಎಂದು ಒಳಗೊಳಗೇ ಯಾರಿಗೋ ಹೇಳುತ್ತಿದ್ದ.

ಹೆಡ್‌ಮೇಡಂ ಇನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅವರ ಮುಖದ ಮೇಲಿದ್ದ ಬೆಳಕು ಸಣ್ಣಗಾಯಿತು. "ಇಲ್ಲ, ಸುಮ್ನೆ ಕೇಳ್ದೆ" ಎಂದರು.

"ಅವರ ಮನೆಯವರಿಗೇ ಅಷ್ಟು ಭರವಸೆ ಇದ್ದ ಹಾಗೆ ಕಾಣಲ್ಲ" ಎಂದರು ಕಬ್ಬಿಣದಂಗಡಿಯವರು. ಈ ಸಲ ಚುಚ್ಚಲಿಲ್ಲ, ನಿಜವಾಗಿಯೂ ಮರುಕದಿಂದ ಅಂದರು. "ನಾವೇನು ಬಲವಂತ ಮಾಡೋದು."

ಅದಲ್ಲ, ಎಂದು ಕೂಗಲು ಅವನ ಬಾಯಿ ತೆರೆಯಿತು. ವಕೀಲರು ಪೆನ್ನಿನ ಕ್ಯಾಪನ್ನು ಟಕ್ ಎನ್ನಿಸಿ, ಪ್ರೀತಿಯಿಂದಲೇ, ಬೇಡ ಎಂಬಂತೆ ತಲೆಯಾಡಿಸಿದರು. ಬಾಯಿ ಮುಚ್ಚಿತು. ಮುಂದಿನದೆಲ್ಲ ಬೇಗ ಆಯಿತು. ಈ ತಿಂಗಳ ಕೊನೆಯವರೆಗೆ ಕೆಲಸ, ಅಲ್ಲಿಯವರೆಗೆ ಕೋಣೆ. ನಾಲ್ಕು ಕೈ ಎದ್ದವು; ಹೆಡ್‌ಮೇಡಂ ಅವರದು ಕೊನೆಗೆ, ಅರ್ಧಕ್ಕೆ. ಅವನ ಕೈ ತೊಡೆಯ ಮೇಲೇ ಇತ್ತು, ಅದು ಅಷ್ಟು ಹೊತ್ತೂ ಬೆವರಿ ಪ್ಯಾಂಟಿನ ಮೇಲೆ ಒಂದು ಅಚ್ಚು ಮೂಡಿಸಿತ್ತು.

"ಈಗ ಇದನ್ನ ಹೇಳೋರು ಯಾರು?" ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಆಮೇಲೆ ನಾಲ್ಕು ಮುಖಗಳೂ ನಿಧಾನಕ್ಕೆ ಗೋಡೆಯ ಬದಿಗೆ ತಿರುಗಿದವು. "ನೀವೇ ಹೇಳಿದ್ರೆ ಒಳ್ಳೇದೇನೋ" ಎಂದರು ಡಾಕ್ಟರಮ್ಮ. "ಎಷ್ಟಾದ್ರೂ ನೀವು ತಮ್ಮ. ಹೊರಗಿನವರು ಹೇಳೋದಕ್ಕಿಂತ..."

"ಅದಕ್ಕೆ ನಿಯಮ ಅಡ್ಡ ಬರಲ್ಲ" ಎಂದರು ವಕೀಲರು. "ತೀರ್ಮಾನ ಆದಮೇಲೆ ನೀವು ಫ್ರೀ."

ದಾಸ್ತಾನು ಕೋಣೆಯ ಹೊರಬಾಗಿಲಿಗೆ ವ್ಯಾನು ಹಿಂಬದಿ ಮಾಡಿಕೊಂಡು ನಿಂತಿತ್ತು. ಅಕ್ಕ ಒಂದು ಮಂಚವನ್ನು ಗೋಡೆಯಿಂದ ಬಿಡಿಸಿ ಬಾಗಿಲವರೆಗೆ ಒಬ್ಬಳೇ ಎಳೆದು ತಂದಿದ್ದಳು. "ಸರಿಯಾದ ಹೊತ್ತಿಗೆ ಬಂದೆ, ಹಿಡಿ ಆ ಕಡೆ" ಎಂದಳು, ಅವನ ಮುಖ ನೋಡದೆ. "ಡ್ರೈವರಿಗೆ ಸೊಂಟ ಹಿಡಿದಿದೆಯಂತೆ. ಮಂಚ ಅವನಿಗೇ ಬೇಕಾಗುತ್ತೆ ಇನ್ನು ಸ್ವಲ್ಪ ದಿನಕ್ಕೆ. ಹಿಡಿಯೋ, ಕತ್ತಲಾಗೋದ್ರೊಳಗೆ ಮುಟ್ಟಿಸ್ತೀನಿ ಅಂದಿದೀನಿ ಅವರಿಗೆ." ಅವನು ತಲೆಯ ಕಡೆಯ ಕಬ್ಬಿಣದ ಕಂಬಿ ಹಿಡಿದ. ಅವಳು ಕಾಲಿನ ಕಡೆ ಹಿಡಿದು ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ಹೊಸ್ತಿಲು ದಾಟಿದಳು. ಅವಳು ಬಿಸಿಲಿನಲ್ಲಿ, ಅವನು ಒಳಗೆ, ನಡುವೆ ಮಂಚ. ಅದರ ಹಿಡಿ ಬಾಗಿಲಿನ ಚೌಕಟ್ಟಿಗೆ ತಗುಲಿ ಗಕ್ಕನೆ ಸಿಕ್ಕಿಕೊಂಡಿತು.

"ಬಿಡಬೇಡ" ಎಂದಳು. "ಬಿಟ್ರೆ ನನ್ನ ಕಾಲ ಮೇಲೆ ಬರುತ್ತೆ."

"ಬಿಡಲ್ಲ."

"ಎಡಕ್ಕೆ ಒತ್ತು. ನಿನ್ನ ಎಡ ಅಲ್ವೋ, ನನ್ನ ಎಡ." ಒತ್ತಿದ. ಅಲುಗಲಿಲ್ಲ. ಅವಳು ಉಸಿರು ಬಿಟ್ಟು, ಭಾರವನ್ನು ತೊಡೆಗೆ ಒರಗಿಸಿಕೊಂಡು, ಅವನನ್ನು ಮೊದಲ ಸಲ ನೇರ ನೋಡಿದಳು. "ಹೇಳು ಈಗ. ಏನಾಯ್ತು?"

ಎರಡು ಕೈಯೂ ಕಂಬಿಗೆ ಅಂಟಿಕೊಂಡಿದ್ದವು, ಮುಖ ಒರೆಸಿಕೊಳ್ಳುವ ನೆವವೂ ಇರಲಿಲ್ಲ. "ಸಭೆ ತೀರ್ಮಾನ ಮಾಡಿದೆ" ಎಂದ. ಅಷ್ಟು ಹೇಳುವಾಗ ದನಿ ಅವನದಾಗಿರಲಿಲ್ಲ, ತರಬೇತಿಯ ಹೆಂಗಸಿನದಾಗಿತ್ತು. "ಈ ತಿಂಗಳ ಕೊನೆವರೆಗೆ..."

"ಸಭೆ ಅಂದ್ರೆ ಯಾರು?"

"ಎಲ್ಲರೂ."

"ಎಲ್ಲರೂ ಅಂದ್ರೆ ಎಷ್ಟು ಜನ?"

ವ್ಯಾನಿನ ಎಂಜಿನ್ ಗುರುಗುಟ್ಟುತ್ತಿತ್ತು. ನಾಲ್ಕು ಎನ್ನಬಹುದಿತ್ತು, ಕೈ ಎತ್ತಿದವರು ನಾಲ್ಕೇ ಜನ, ಸುಳ್ಳೇನಲ್ಲ. ಅವಳು ಕಾಯುತ್ತಿದ್ದಳು. ಅವಳ ಮೊಣಕೈ ಭಾರಕ್ಕೆ ನಡುಗುತ್ತಿತ್ತು. ಅವನು ಆ ನಾಲ್ಕನ್ನು ಗಂಟಲಿನವರೆಗೆ ತಂದ.

"ಐದು" ಎಂದ.

ಅಕ್ಕ ತಲೆಯಾಡಿಸಿದಳು, ಸಾಮಾನಿನ ಲೆಕ್ಕ ಸರಿಹೋಯಿತೆಂಬಂತೆ. ಅವಳು ಅಳುತ್ತಾಳೆಂದುಕೊಂಡಿದ್ದ, ಇಲ್ಲವೇ ನಗುತ್ತಾಳೆಂದು. ಎರಡಕ್ಕೂ ಅವನು ತಯಾರಿದ್ದ. ಅವಳು ಕಂಬಿಯ ಮೇಲೆ ಕೈ ಬದಲಿಸಿ, ಬೆರಳುಗಳನ್ನು ಸರಿಯಾಗಿ ಊರಿ, "ಎತ್ತು" ಎಂದಳು. ಅವನು ಎತ್ತಿದ. ಅವಳೂ ಎತ್ತಿ, ಇದ್ದ ಬಲವನ್ನೆಲ್ಲ ಹಾಕಿ ಒಮ್ಮೆ ತಳ್ಳಿದಳು. ಹಿಡಿ ಚೌಕಟ್ಟಿನಿಂದ ಬಿಡಿಸಿಕೊಂಡು, ಮಂಚ ಒಂದು ಗೇಣು ಸರಿಯಿತು, ಹೊರಕ್ಕಲ್ಲ, ಅವನ ಕಡೆಗೆ.